ಕೊಡಗಿನಷ್ಟೂ ಜನರಿಲ್ಲದ ದೇಶಕ್ಕೆ ಹೊರಡುವ ಮುನ್ನ

ಕರ್ನಾಟಕದ ಜಿಲ್ಲೆಗಳಲ್ಲಿ ಅತಿ ಕಡಿಮೆ ಜನರಿರುವುದು ಕೊಡಗಿನಲ್ಲಿ. 2011ರ ಜನಗಣತಿಯವರು ಅಲ್ಲಿ ಎಣಿಸಿದ್ದು ಐದೂವರೆ ಲಕ್ಷ ತಲೆಗಳನ್ನು. ಐಸ್‌ಲ್ಯಾಂಡ್ ಎಂಬ ಇಡೀ ದೇಶದಲ್ಲಿರುವವರು ನಾಲ್ಕು ಲಕ್ಷದೊಳಗೆ. ಅಷ್ಟೇ ಜನ ಸೇರಿಕೊಂಡು ತಮಗೊಬ್ಬ ರಾಷ್ಟ್ರಾಧ್ಯಕ್ಷರು, ಒಂದು ಸಂಸತ್ತು, ಸ್ವಂತ ನಾಣ್ಯ, ಸ್ವಂತ ಭಾಷೆ, ಸ್ವಂತ ವಿಮಾನ ಸಂಸ್ಥೆ ಎಲ್ಲವನ್ನೂ ಇಟ್ಟುಕೊಂಡಿದ್ದಾರೆ. ಸೈನ್ಯವನ್ನು ಮಾತ್ರ ಇಟ್ಟುಕೊಂಡಿಲ್ಲ. ರೈಲನ್ನೂ ಇಟ್ಟುಕೊಂಡಿಲ್ಲ, ಆ ದೇಶದಲ್ಲಿ ಪ್ರಯಾಣಿಕರ ರೈಲು ಓಡಿದ್ದೇ ಇಲ್ಲ.

ನೆಲ ಮಾತ್ರ ಧಾರಾಳ. ವಿಸ್ತೀರ್ಣ 1,03,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ನಮ್ಮಲ್ಲಿ ಒಂದು ಚದರ ಕಿಲೋಮೀಟರಿಗೆ 319 ಜನರಿದ್ದರೆ ಅಲ್ಲಿ ಸರಾಸರಿ ನಾಲ್ಕು. ಆ ನಾಲ್ಕೂ ಸುಳ್ಳು ಸರಾಸರಿ. ಮೂವರಲ್ಲಿ ಇಬ್ಬರು ರಾಜಧಾನಿ ರೇಕ್ಯಾವಿಕ್ ಮತ್ತು ಅದರ ಸುತ್ತಲಿನ ಊರುಗಳಲ್ಲೇ ಇದ್ದಾರೆ. ಉಳಿದ ದೇಶಕ್ಕೆಲ್ಲ ಉಳಿಯುವುದು ಒಂದೂವರೆ ಲಕ್ಷದಷ್ಟು ಮಂದಿ, ಅವರೂ ಕರಾವಳಿಗೆ ಅಂಟಿಕೊಂಡವರು. ನಡುನಾಡಿನಲ್ಲಿ ಊರೇ ಇಲ್ಲ.

ಮನುಷ್ಯರಿಗೆ ಸೇರಿದ ಅಂಕಿಗಳೆಲ್ಲ ಇಲ್ಲಿ ಕಿರಿದು. ನೆಲ, ನೀರು, ಗಾಳಿ, ಬೆಂಕಿಗೆ ಸೇರಿದವೆಲ್ಲ ಹಿರಿದು. ಪ್ರವಾಸಿಗರಿಗೆ ಅಲ್ಲಿ ಹೇಳುವ ಪ್ರತಿ ಎಚ್ಚರಿಕೆ, ರಸ್ತೆಯ ಪ್ರತಿ ನಿಯಮ, ಹೋಟೆಲಿನ ಕಣ್ಣು ಕುಕ್ಕುವ ಬಿಲ್ಲು ಕೂಡ ಈ ಎರಡರ ನಡುವಿನ ಅಂತರದಿಂದ ಹುಟ್ಟಿದ್ದು. ಇದನ್ನು ಅರಿತು ಹೊರಟವರಿಗೆ ಪ್ರವಾಸ ಸಲೀಸು. ಅರಿಯದೆ ಹೊರಟವರನ್ನು ಹುಡುಕಲು ಜನ ಹೋಗಬೇಕಾಗುತ್ತದೆ.

ಹೋಗುವವರೇನೂ ಕಡಿಮೆಯಿಲ್ಲ. 2010ರಲ್ಲಿ ಈ ದೇಶಕ್ಕೆ ಬಂದ ವಿದೇಶಿಯರು ಐದು ಲಕ್ಷ ಮುಟ್ಟಿರಲಿಲ್ಲ. ಎಂಟು ವರ್ಷ ಕಳೆದು 2018ಕ್ಕೆ ಬರುವಾಗ 23 ಲಕ್ಷ! ಮನೆಯವನೊಬ್ಬನಿಗೆ ಆರು ಜನ ಅತಿಥಿಗಳು. ಇದೇ ಲೆಕ್ಕ ಕರ್ನಾಟಕಕ್ಕೆ ಹಾಕಿದರೆ ವರ್ಷಕ್ಕೆ 36 ಕೋಟಿ ವಿದೇಶಿಯರು ನಮ್ಮಲ್ಲಿ ಬಂದಿಳಿಯಬೇಕು. ಈ ನೂಕುನುಗ್ಗಲಿಗೆ ಕಾರಣವಾದದ್ದು ಎರಡು ಅನಾಹುತಗಳು. 2008ರ ಅಕ್ಟೋಬರ್‌ನಲ್ಲಿ ದೇಶದ ಮೂರೂ ದೊಡ್ಡ ಬ್ಯಾಂಕುಗಳು ಒಂದೇ ವಾರದೊಳಗೆ ಮುಳುಗಿ ಕ್ರೋನಾ ನಾಣ್ಯದ ಬೆಲೆ ಕುಸಿಯಿತು. ಹೊರಗಿನವರಿಗೆ ದೇಶ ಅಗ್ಗವಾಯಿತು. 2010ರ ಏಪ್ರಿಲ್‌ನಲ್ಲಿ ಎಯ್ಯಾಫ್ಯಾಟ್ಲಾಯೊಕುಲ್ ಎಂಬ ಜ್ವಾಲಾಮುಖಿ ಬೂದಿ ಕಾರಿ ಯೂರೋಪಿನ ಆಕಾಶವನ್ನೇ ಮುಚ್ಚಿಸಿತು. ರದ್ದಾದ ವಿಮಾನಯಾನಗಳು ಒಂದು ಲಕ್ಷದ ಹತ್ತಿರ, ಸಿಕ್ಕಿಹಾಕಿಕೊಂಡ ಪ್ರಯಾಣಿಕರು ಒಂದು ಕೋಟಿಯಷ್ಟು. ಜಗತ್ತಿನ ಟೀವಿ ನಿರೂಪಕರೆಲ್ಲ ಆ ಹೆಸರು ಉಚ್ಚರಿಸಲಾಗದೆ ತೊದಲಿದರು. ಕಾಸು ಕೊಟ್ಟರೂ ಸಿಗದಂಥ ಜಾಹೀರಾತು ಅದು. ನಮ್ಮವರಿಗೆ ಆ ನೆಲದ ರುಚಿ ಹತ್ತಿಸಿದ್ದು 2015ರ ಹಿಂದಿ ಚಿತ್ರ ‘ದಿಲ್‌ವಾಲೆ’. ಅದರ ‘ಗೆರುವಾ’ ಹಾಡಿನ ಕಪ್ಪು ಮರಳು, ಮಂಜುಗಡ್ಡೆ, ಮುರಿದ ವಿಮಾನ ಎಲ್ಲವೂ ಐಸ್‌ಲ್ಯಾಂಡಿನವೇ.

ಕಾಗದಪತ್ರದ ಮಾತು ಬೇಗ ಮುಗಿಸೋಣ. ಐಸ್‌ಲ್ಯಾಂಡ್ ಯೂರೋಪಿಯನ್ ಒಕ್ಕೂಟದಲ್ಲಿಲ್ಲ, ಆದರೆ 2001ರಿಂದ ಷೆಂಗೆನ್ ವಲಯದಲ್ಲಿದೆ. ಹಾಗಾಗಿ ಭಾರತೀಯರಿಗೆ ಬೇಕಾದದ್ದು ಷೆಂಗೆನ್ ವೀಸಾ. ದೊಡ್ಡವರಿಗೆ ಶುಲ್ಕ 90 ಯೂರೋ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಹೊರಡಲು ಹದಿನೈದು ದಿನಕ್ಕಿಂತ ಕಡಿಮೆ ಉಳಿದಿದ್ದರೆ ಕೆಲಸ ಕೆಟ್ಟಿತು. ಬೇಸಿಗೆಗೆ ಹೋಗುವವರು ಮೂರು ತಿಂಗಳು ಮೊದಲೇ ಶುರುಮಾಡುವುದು ಜಾಣತನ. ಹಲವು ದೇಶ ಸುತ್ತುವವರು ಹೆಚ್ಚು ರಾತ್ರಿ ಎಲ್ಲಿ ತಂಗುತ್ತೀರೋ ಆ ದೇಶಕ್ಕೇ ಅರ್ಜಿ ಕೊಡಬೇಕು. ಬೆಂಗಳೂರಿನಿಂದ ರೇಕ್ಯಾವಿಕ್ ಹಕ್ಕಿ ಹಾರಿದಂತೆ ಸುಮಾರು ಒಂಬತ್ತು ಸಾವಿರ ಕಿಲೋಮೀಟರ್. ನೇರ ವಿಮಾನವಿಲ್ಲ. 2018ರ ಡಿಸೆಂಬರ್‌ನಲ್ಲಿ ವಾವ್ ಏರ್ ಎಂಬ ಸಂಸ್ಥೆ ದೆಹಲಿಗೆ ನೇರ ಹಾರಾಟ ಶುರುಮಾಡಿತ್ತು. 2019ರ ಮಾರ್ಚ್ ಮುಗಿಯುವ ಹೊತ್ತಿಗೆ ಸಂಸ್ಥೆಯೇ ಇರಲಿಲ್ಲ. ಈಗ ಲಂಡನ್, ಫ್ರಾಂಕ್‌ಫರ್ಟ್, ಕೋಪನ್‌ಹೇಗನ್, ಹೆಲ್ಸಿಂಕಿಗಳೇ ದಾರಿ. ಇಳಿಯುವುದು ಕೆಫ್ಲಾವಿಕ್‌ನಲ್ಲಿ, ರಾಜಧಾನಿ ಅಲ್ಲಿಂದ 50 ಕಿಲೋಮೀಟರ್. ಗಡಿಯಾರವನ್ನು ಐದೂವರೆ ಗಂಟೆ ಹಿಂದಕ್ಕೆ ತಿರುಗಿಸಿ; ವರ್ಷವಿಡೀ ಅಷ್ಟೇ ವ್ಯತ್ಯಾಸ. ನಮ್ಮ ಮೊಬೈಲ್ ಚಾರ್ಜರಿನ ಎರಡು ಕಡ್ಡಿ ಅಲ್ಲಿನ ಸಾಕೆಟ್ಟಿಗೆ ಹೊಂದುತ್ತದೆ.

ದುಡ್ಡು? ರೂಪಾಯಿಗೆ ಸುಮಾರು ಒಂದೂವರೆ ಕ್ರೋನಾ. ಬೆಲೆಯ ಚೀಟಿ ನೋಡಿ ಎದೆ ಒಡೆದುಕೊಳ್ಳುವ ಮುನ್ನ ಮೂರನೇ ಒಂದು ಭಾಗ ಕಳೆದು ನೋಡಿ. ಕಳೆದ ಮೇಲೂ ಸಮಾಧಾನವಾಗುವುದಿಲ್ಲ, ಆ ಮಾತು ಬೇರೆ. ಗೋಧಿ, ಅಕ್ಕಿ, ಬಟ್ಟೆ, ಕಾರು, ಪೆಟ್ರೋಲು ಎಲ್ಲವೂ ಸಾಗರ ದಾಟಿ ಬರಬೇಕು, ಕೊಳ್ಳುವ ಜನ ಒಂದು ಜಿಲ್ಲೆಯಷ್ಟೂ ಇಲ್ಲ, ಕೂಲಿ ದುಬಾರಿ. ನಗದು ನೋಟು ಮುಟ್ಟದೆಯೇ ಪ್ರವಾಸ ಮುಗಿಸಬಹುದು, ಹಳ್ಳಿಯ ಶೌಚಾಲಯಕ್ಕೂ ಕಾರ್ಡ್ ನಡೆಯುತ್ತದೆ. ಆದರೆ ಆಳಿಲ್ಲದ ಪೆಟ್ರೋಲ್ ಬಂಕುಗಳಲ್ಲಿ ಕಾರ್ಡಿನ ಪಿನ್ ಸಂಖ್ಯೆ ಕೇಳುತ್ತದೆ, ಅದು ನೆನಪಿರಲಿ. ಬಾಟಲಿ ನೀರು ಕೊಳ್ಳುವುದು ಶುದ್ಧ ದಂಡ; ನಲ್ಲಿಯ ತಣ್ಣೀರು ಅದಕ್ಕಿಂತ ಚೆನ್ನಾಗಿರುತ್ತದೆ. ಸಸ್ಯಾಹಾರಿಗಳು ಸೂಪರ್‌ಮಾರ್ಕೆಟ್ಟಿನಲ್ಲಿ ಸ್ಕಿರ್ ಎಂಬ ಗಟ್ಟಿ ಮೊಸರು, ಬ್ರೆಡ್ಡು, ಬಿಸಿನೀರ ಬುಗ್ಗೆಯ ಶಾಖದಲ್ಲಿ ಗಾಜಿನ ಮನೆಯೊಳಗೆ ಬೆಳೆದ ಟೊಮೇಟೊ, ಸೌತೆ ಕೊಂಡು ಅಡುಗೆಮನೆಯಿರುವ ಬಿಡಾರ ಹಿಡಿದರೆ ಖರ್ಚು ಅರ್ಧಕ್ಕರ್ಧ ಇಳಿಯುತ್ತದೆ. ಮನೆಗೊಯ್ಯುವ ಮದ್ಯ ಬಹುಮಟ್ಟಿಗೆ ಸರ್ಕಾರಿ ಅಂಗಡಿಯಲ್ಲೇ. ಬಿಯರ್ ಮೇಲಿದ್ದ ನಿಷೇಧ 1915ರಿಂದ 1989ರ ಮಾರ್ಚ್ 1ರವರೆಗೆ 74 ವರ್ಷ ನಡೆಯಿತು ಎಂದರೆ ಈಗಿನ ರೇಕ್ಯಾವಿಕ್ ನೋಡಿದವರು ನಂಬುವುದಿಲ್ಲ.

ಇನ್ನು ರಸ್ತೆ. ದೇಶವನ್ನು ಸುತ್ತಿ ಬರುವ ಒಂದನೇ ನಂಬರ್ ರಸ್ತೆ, ರಿಂಗ್ ರೋಡ್, 1,322 ಕಿಲೋಮೀಟರ್. ಬೆಂಗಳೂರಿನಿಂದ ಬೀದರ್‌ಗೆ ಹೋಗಿ ಬಂದಷ್ಟು. ಡಾಂಬರು ರಸ್ತೆಯಲ್ಲಿ ಗರಿಷ್ಠ ವೇಗ ಗಂಟೆಗೆ 90, ಜಲ್ಲಿ ರಸ್ತೆಯಲ್ಲಿ 80, ಊರೊಳಗೆ 50. ಸರಿ, 1,322ನ್ನು 90ರಿಂದ ಭಾಗಿಸಿದರೆ ಹದಿನೈದು ಗಂಟೆಯೂ ಆಗಲಿಲ್ಲ, ಎರಡು ದಿನದಲ್ಲಿ ಮುಗಿಸಿಬಿಡಬಹುದು ಅನ್ನುವವರು ನಮ್ಮ ಗುಂಪು ಪ್ರವಾಸಗಳಲ್ಲಿ ಒಬ್ಬರಾದರೂ ಇರುತ್ತಾರೆ. ಅವರ ಕೈಗೆ ನಕ್ಷೆ ಕೊಡಬೇಡಿ. ಈ ರಸ್ತೆಯ ಕೊನೆಯ ಜಲ್ಲಿ ತುಣುಕಿಗೆ ಡಾಂಬರು ಬಿದ್ದದ್ದೇ 2019ರಲ್ಲಿ. ಬಹುಪಾಲು ಎರಡೇ ಸಾಲು, ಅಂಚಿನಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ಒಂದೇ ವಾಹನ ಹೋಗಬಲ್ಲ ಸೇತುವೆಗಳು ಇಂದಿಗೂ ಹತ್ತಾರು. ಅಲ್ಲಿ ಮೊದಲು ತಲುಪಿದವರು ಮೊದಲು ದಾಟಬೇಕೆಂಬುದು ರೂಢಿ. ಹಗಲಲ್ಲೂ ದೀಪ ಹೊತ್ತಿಸಿರಬೇಕೆಂಬುದು ಕಾನೂನು. ಬೇಸಿಗೆಯಲ್ಲಿ ಕುರಿಗಳು ಬೇಲಿಯಿಲ್ಲದ ರಸ್ತೆಯನ್ನು ಯಾರಪ್ಪನ ಆಸ್ತಿಯೋ ಎಂಬಂತೆ ದಾಟುತ್ತವೆ, ಮರಿಗಳೂ ಸೇರಿದರೆ ಆಗ ಅವುಗಳ ಸಂಖ್ಯೆ ದೇಶದ ಜನರ ಸಂಖ್ಯೆಯನ್ನು ಮೀರುತ್ತದೆ. ಹತ್ತು ದಿನವಿದ್ದರೆ ಸುತ್ತು ಹೊಡೆಯಿರಿ. ಐದು ದಿನವಿದ್ದರೆ ದಕ್ಷಿಣ ತೀರವಷ್ಟೇ ಸಾಕು. ಅದಕ್ಕಿಂತ ಕಡಿಮೆಯಾದರೆ ರೇಕ್ಯಾವಿಕ್‌ನಿಂದ ಬಸ್ಸಿನಲ್ಲಿ ಒಂದೊಂದು ದಿನದ ಸುತ್ತಾಟ ಮಾಡಿ ಬನ್ನಿ, ನಷ್ಟವೇನಿಲ್ಲ.

ಅಲ್ಲಿ ವಾಹನ ಓಡುವುದು ಬಲಕ್ಕೆ. ಅವರೂ ಒಂದು ಕಾಲಕ್ಕೆ ನಮ್ಮಂತೆ ಎಡಕ್ಕೇ ಓಡಿಸುತ್ತಿದ್ದವರು. 1968ರ ಮೇ 26ರ ಬೆಳಗ್ಗೆ ಆರು ಗಂಟೆಗೆ ಇಡೀ ದೇಶ ಎಡದಿಂದ ಬಲಕ್ಕೆ ಹೊರಳಿತು, ಆ ಹೊರಳುವಿಕೆಯಲ್ಲಿ ಪೆಟ್ಟಾದದ್ದು ಸೈಕಲ್ಲಿನಲ್ಲಿದ್ದ ಒಬ್ಬ ಹುಡುಗನ ಕಾಲಿಗೆ ಮಾತ್ರ. ನಮ್ಮ ಆರ್‌ಟಿಓ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಮೂಲ ಲೈಸೆನ್ಸಿನ ಜೊತೆ ಇಟ್ಟುಕೊಂಡಿದ್ದರೆ ಬಾಡಿಗೆ ಕಾರಿನವರ ಎದುರು ವಾದವಿರದು. ನಕ್ಷೆಯಲ್ಲಿ ‘ಎಫ್’ ಅಕ್ಷರದಿಂದ ಶುರುವಾಗುವ ರಸ್ತೆಗಳು ಒಳನಾಡಿನವು. ಫೋರ್ ವೀಲ್ ಡ್ರೈವ್ ಇಲ್ಲದೆ ಅಲ್ಲಿಗೆ ಹೋಗುವುದು ಕಾನೂನುಬಾಹಿರ. ಅವು ತೆರೆಯುವುದೇ ಜೂನ್ ಕೊನೆಗೆ, ಕೆಲವು ಜುಲೈಗೆ. ಎಷ್ಟೋ ಕಡೆ ಸೇತುವೆಗಳಿಲ್ಲ, ನದಿಯೊಳಗೇ ಇಳಿದು ದಾಟಬೇಕು. ಹಾಗೆ ದಾಟುವಾಗ ಕಾರಿಗೆ ನೀರು ನುಗ್ಗಿದರೆ ಸಾಮಾನ್ಯ ವಿಮೆ ಬಿಡಿಗಾಸು ಕೊಡುವುದಿಲ್ಲ. ರಸ್ತೆ ಬಿಟ್ಟು ಪಾಚಿಯ ಮೇಲೆ ಕಾರು ಹತ್ತಿಸಿದರೆ ಭಾರಿ ದಂಡ. ಆ ಚಳಿಯಲ್ಲಿ ಒಂದು ಚಕ್ರದ ಗುರುತು ಮಾಯಲು ದಶಕಗಳೇ ಬೇಕಾದೀತು ಎನ್ನುವುದು ಅದರ ಹಿಂದಿನ ನ್ಯಾಯ.

ಈ ರಿಂಗ್ ರೋಡ್ ‘ರಿಂಗ್’ ಆದದ್ದೇ 1974ರಲ್ಲಿ. ಅದುವರೆಗೆ ಆಗ್ನೇಯ ತೀರದ ಕಪ್ಪು ಮರಳುಗಾಡು ಅಡ್ಡ ಬಂದಿತ್ತು. ಅದರ ಮೇಲೆ ಹಿಮನದಿಯ ನೀರು ದಿನಕ್ಕೊಂದು ದಾರಿ ಹಿಡಿದು ಹರಿಯುತ್ತಿತ್ತು. ಅಲ್ಲಿ ಸ್ಕೇದರಾ ನದಿಗೆ 880 ಮೀಟರ್ ಉದ್ದದ ಸೇತುವೆ ಕಟ್ಟಿ, ದೇಶದಲ್ಲಿ ಜನ ನೆಲೆಸಿ 1,100 ವರ್ಷವಾದ ಸಂಭ್ರಮದಲ್ಲಿ ಆ ಜುಲೈನಲ್ಲಿ ಉದ್ಘಾಟಿಸಿದರು. ಇಪ್ಪತ್ತೆರಡು ವರ್ಷಗಳ ಮೇಲೆ, 1996ರ ಸೆಪ್ಟೆಂಬರ್ ಕೊನೆಗೆ, ವಾತ್ನಯೋಕುಲ್ ಹಿಮರಾಶಿಯ ಅಡಿಯಲ್ಲಿ ಜ್ವಾಲಾಮುಖಿ ಸಿಡಿಯಿತು. ನೂರಾರು ಮೀಟರ್ ದಪ್ಪದ ಹಿಮ ಕೆಳಗಿನಿಂದ ಕರಗಿತು, ನೀರು ಹಿಮದಡಿಯ ಗ್ರಿಮ್ಸ್‌ವೋತ್ನ್ ಸರೋವರದಲ್ಲಿ ಸೇರತೊಡಗಿತು. ನೀರು ಹೊರಬರುವುದು ಖಚಿತ ಎಂದು ಎಲ್ಲರಿಗೂ ಗೊತ್ತು, ಯಾವತ್ತು ಅನ್ನುವುದಷ್ಟೇ ಪ್ರಶ್ನೆ. ಐದು ವಾರ ದೇಶ ಕಾದು ಕೂತಿತು. ನವೆಂಬರ್ 5ರ ಬೆಳಗ್ಗೆ ನೀರು ಹಿಮವನ್ನೇ ಎತ್ತಿಕೊಂಡು ಹೊರಬಿತ್ತು.

ಎಷ್ಟು ನೀರು? ತಾರಕಕ್ಕೇರಿದಾಗ ಸೆಕೆಂಡಿಗೆ ಸುಮಾರು 50 ಸಾವಿರ ಘನ ಮೀಟರ್. ಕಾವೇರಿ ತೀರದವರ ಭಾಷೆಯಲ್ಲಿ ಹೇಳುವುದಾದರೆ 17 ಲಕ್ಷ ಕ್ಯೂಸೆಕ್. ಆ ವೇಗದಲ್ಲಿ ಒಂದು ಟಿಎಂಸಿ ನೀರು ಹರಿದುಹೋಗಲು ಹತ್ತು ನಿಮಿಷ ಬೇಡ. ಒಟ್ಟು ಹರಿದದ್ದು ಮೂರು ಘನ ಕಿಲೋಮೀಟರಿಗೂ ಹೆಚ್ಚು, ಅಂದರೆ ಭರ್ತಿಯಾದ ಎರಡು ಕೆಆರ್‌ಎಸ್ ಜಲಾಶಯ ಎರಡೇ ದಿನದಲ್ಲಿ ಬರಿದಾದ ಹಾಗೆ. ಮನೆಗಾತ್ರದ ಹಿಮಬಂಡೆಗಳು ತೇಲಿ ಬಂದು ಸೇತುವೆಗೆ ಬಡಿದವು. ಪಕ್ಕದ ಗಿಗ್ಯುಕ್ವಿಸ್ಲ್ ನದಿಯ 376 ಮೀಟರ್ ಸೇತುವೆ ಕುರುಹಿಲ್ಲದಂತೆ ಹೋಯಿತು, ಸ್ಕೇದರಾ ಸೇತುವೆಯ ಒಂದು ಭಾಗ ಕಿತ್ತುಹೋಯಿತು. ಸತ್ತವರ ಸಂಖ್ಯೆ ಸೊನ್ನೆ. ಮೊದಲೇ ರಸ್ತೆ ಮುಚ್ಚಿದ್ದರು, ಮುಚ್ಚಿದ ರಸ್ತೆಗೆ ಯಾರೂ ಹೋಗಿರಲಿಲ್ಲ. ಹಗ್ಗ ಕಟ್ಟಿದ ರಸ್ತೆಯಲ್ಲಿ ನುಸುಳುವುದು ಜಾಣತನ ಎಂದುಕೊಂಡಿರುವ ನಾವು ಈ ಸೊನ್ನೆಯನ್ನು ಸ್ವಲ್ಪ ಹೊತ್ತು ನೋಡಬೇಕು. ಸೊಟ್ಟಗೆ ತಿರುಚಿದ ಉಕ್ಕಿನ ತೊಲೆಗಳು ಇಂದಿಗೂ ರಸ್ತೆ ಪಕ್ಕದಲ್ಲಿವೆ, ಕಾರು ನಿಲ್ಲಿಸಿ ನೋಡಬಹುದು. ಹಳೆಯ 880 ಮೀಟರ್ ಸೇತುವೆಗೆ ಈಗ ಕೆಲಸವಿಲ್ಲ. ಹಿಮನದಿ ಹಿಂದೆ ಸರಿದು 2009ರಲ್ಲಿ ಹೊಳೆ ತನ್ನ ಪಾತ್ರವನ್ನೇ ಬದಲಿಸಿ ಪಶ್ಚಿಮಕ್ಕೆ ಹೊರಳಿತು; 2017ರಿಂದ ರಸ್ತೆ ಅಲ್ಲೇ ಒಂದು ಚಿಕ್ಕ ಸೇತುವೆಯ ಮೇಲೆ ಸಾಗುತ್ತದೆ.

ಆ ಹಿಮರಾಶಿ ವಾತ್ನಯೋಕುಲ್‌ನ ಹರವು ಸುಮಾರು 7,700 ಚದರ ಕಿಲೋಮೀಟರ್. ಬೆಂಗಳೂರು ನಗರ ಜಿಲ್ಲೆಯಂಥ ಮೂರೂವರೆ ಜಿಲ್ಲೆ ಅದರಡಿ ಮುಚ್ಚಿಹೋಗುತ್ತವೆ. ಸರಾಸರಿ ದಪ್ಪ 380 ಮೀಟರಿನಷ್ಟು, ಆಳವಿದ್ದಲ್ಲಿ 900 ಮೀಟರ್ ಮೀರುತ್ತದೆ. ಅಷ್ಟನ್ನೂ ಕರಗಿಸಿದರೆ ಬರುವ ನೀರಿಗೆ 1,800ಕ್ಕೂ ಹೆಚ್ಚು ಕೆಆರ್‌ಎಸ್ ಬೇಕು. ಕರಗುತ್ತಲೂ ಇದೆ. ಇದೇ ಹಿಮರಾಶಿಯ ಒಂದು ನಾಲಿಗೆ ಹಿಂದೆ ಸರಿದ ಜಾಗದಲ್ಲಿ 1930ರ ದಶಕದಲ್ಲಿ ಹುಟ್ಟಿದ ಕೊಳ ಯೊಕುಲ್‌ಸಾರ್ಲೋನ್. ಈಗ ಅದು ಸುಮಾರು 250 ಮೀಟರ್ ಆಳದ, ದೇಶದಲ್ಲೇ ಅತಿ ಆಳದ ಸರೋವರ. ನೀಲಿ ಹಿಮಗಡ್ಡೆಗಳ ನಡುವೆ ದೋಣಿ ಹೋಗುವ ಫೋಟೋ ಬಹುಪಾಲು ಅಲ್ಲಿನದೇ. ಪಶ್ಚಿಮದ ಓಕ್ ಎಂಬ ಹಿಮನದಿಯನ್ನು 2014ರಲ್ಲಿ ಸತ್ತಿದೆ ಎಂದು ಘೋಷಿಸಿ, 2019ರಲ್ಲಿ ಅದಕ್ಕೊಂದು ಸ್ಮಾರಕ ಫಲಕ ಹಾಕಿದರು. ಹಿಮನದಿಯ ಮೇಲೆ ಮಾರ್ಗದರ್ಶಕರಿಲ್ಲದೆ, ಮುಳ್ಳುಬೂಟು ಇಲ್ಲದೆ ಕಾಲಿಡಬೇಡಿ. ದೂರದಿಂದ ನೆಲದಂತೆ ಕಾಣುವ ಅದರಲ್ಲಿ ಬಾವಿಯಾಳದ ಬಿರುಕುಗಳಿರುತ್ತವೆ.

ಜಲಪಾತದ ವಿಷಯಕ್ಕೆ ಬಂದರೆ ನಾವು ಸ್ವಲ್ಪ ಎದೆಯುಬ್ಬಿಸಬಹುದು. ಅಲ್ಲಿ ಸಾವಿರಗಟ್ಟಲೆ ಜಲಪಾತಗಳಿವೆ, ಆದರೆ ಅತಿ ಎತ್ತರದ ಮೊರ್ಸಾರ್‌ಫಾಸ್ ಸುಮಾರು 228 ಮೀಟರ್. ಅದೂ ಹಿಮ ಸರಿದ ಮೇಲೆ ಈಚೆಗೆ ಬೆಳಕಿಗೆ ಬಂದದ್ದು. ನಮ್ಮ ಜೋಗ 253 ಮೀಟರ್. ಆದರೆ ಉತ್ತರದ ಡೆಟ್ಟಿಫಾಸ್ 44 ಮೀಟರ್ ಎತ್ತರದಿಂದ, 100 ಮೀಟರ್ ಅಗಲಕ್ಕೆ, ಸೆಕೆಂಡಿಗೆ ಸರಾಸರಿ 190 ಘನ ಮೀಟರಿನಂತೆ ಬೂದಿಬಣ್ಣದ ನೀರನ್ನು ಸುರಿಯುತ್ತದೆ. ಅದನ್ನು ತಡೆಯುವ ಅಣೆಕಟ್ಟಿಲ್ಲ, ಮಳೆಗಾಲಕ್ಕೆ ಕಾಯಬೇಕಿಲ್ಲ.

ಬೆಳಕಿನ ಲೆಕ್ಕ ಬೇರೆಯದೇ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಕಿರಿದಾದ ಹಗಲಿಗೂ ವ್ಯತ್ಯಾಸ ಒಂದೂವರೆ ಗಂಟೆ. ರೇಕ್ಯಾವಿಕ್‌ನಲ್ಲಿ ಹದಿನೇಳು ಗಂಟೆ. ಜೂನ್ 21ರಂದು ಸೂರ್ಯ ಮುಳುಗುವುದು ನಡುರಾತ್ರಿ ದಾಟಿದ ಮೇಲೆ, ಮತ್ತೆ ಏಳುವುದು ಮೂರು ಗಂಟೆಯೊಳಗೆ. ನಡುವೆಯೂ ಪುಸ್ತಕ ಓದುವಷ್ಟು ಬೆಳಕು. ಡಿಸೆಂಬರ್ 21ರಂದು ಬೆಳಗಾಗುವುದು ಹನ್ನೊಂದು ಇಪ್ಪತ್ತಕ್ಕೆ, ಕತ್ತಲಾಗುವುದು ಮೂರೂವರೆಗೆ. ಕಣ್ಣಿಗೆ ಕಟ್ಟುವ ಪಟ್ಟಿಯೊಂದನ್ನು ಬೇಸಿಗೆಯವರು ಒಯ್ಯಲೇಬೇಕು. ಚಳಿಗಾಲದವರು ದಿನಕ್ಕೆ ಒಂದೇ ಜಾಗ ಎಂದು ಗೆರೆ ಎಳೆದುಕೊಳ್ಳಬೇಕು, ನಾಲ್ಕು ಗಂಟೆಯ ಹಗಲಿನಲ್ಲಿ ಎರಡನೆಯದು ಹಿಡಿಸದು. ಉತ್ತರದ ಬೆಳಕು, ಅರೋರಾ, ಕಾಣುವುದು ಆಗಸ್ಟ್ ಕೊನೆಯಿಂದ ಏಪ್ರಿಲ್‌ವರೆಗೆ. ಜೂನ್ ತಿಂಗಳ ಪ್ಯಾಕೇಜಿನಲ್ಲಿ ಅರೋರಾ ತೋರಿಸುತ್ತೇವೆ ಎನ್ನುವ ಏಜೆಂಟರು ಸಿಕ್ಕರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಉತ್ತರ ತೀರದಿಂದ 40 ಕಿಲೋಮೀಟರ್ ದೂರದ ಗ್ರಿಮ್ಸೇ ಎಂಬ ಪುಟ್ಟ ದ್ವೀಪವನ್ನು ಆರ್ಕ್‌ಟಿಕ್ ವೃತ್ತ ಹಾದುಹೋಗುತ್ತದೆ. ಭೂಮಿಯ ಅಕ್ಷದ ವಾಲಿಕೆ ನಿಧಾನ ಬದಲಾಗುವುದರಿಂದ ಆ ವೃತ್ತ ವರ್ಷಕ್ಕೆ ಸುಮಾರು ಹದಿನಾಲ್ಕೂವರೆ ಮೀಟರ್ ಉತ್ತರಕ್ಕೆ ಸರಿಯುತ್ತದೆ. ದ್ವೀಪದವರು ಮೂರು ಮೀಟರ್ ವ್ಯಾಸದ, ಎಂಟು ಟನ್ ತೂಕದ ಕಾಂಕ್ರೀಟ್ ಗೋಲವೊಂದನ್ನು 2017ರಲ್ಲಿ ವೃತ್ತದ ಮೇಲಿಟ್ಟು, ಅದು ಸರಿದಂತೆ ಇದನ್ನೂ ಉರುಳಿಸುತ್ತ ಹೊರಟಿದ್ದಾರೆ. 2047ರ ಹೊತ್ತಿಗೆ ವೃತ್ತ ದ್ವೀಪ ಬಿಟ್ಟು ಸಮುದ್ರಕ್ಕಿಳಿಯುತ್ತದೆ, ಗೋಲವೂ ಹಿಂದೆಯೇ ಬೀಳಬೇಕು.

ಚಳಿಗೆ ಹೆದರುವವರಿಗೆ ಸಮಾಧಾನದ ಸುದ್ದಿ: ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹದ ಕೃಪೆಯಿಂದ ರೇಕ್ಯಾವಿಕ್‌ನ ಜನವರಿ ಸರಾಸರಿ ಸೊನ್ನೆ ಡಿಗ್ರಿಯ ಆಸುಪಾಸು. ದೆಹಲಿಯವರೂ ಕಿಸಕ್ಕನೆ ನಗಬಹುದು. ಜುಲೈ ಸರಾಸರಿ ಹನ್ನೊಂದು, ಹನ್ನೆರಡು ಅಷ್ಟೇ ಎಂದಾಗ ನಗು ನಿಲ್ಲುತ್ತದೆ. ಅಲ್ಲಿ ಲೆಕ್ಕಕ್ಕೆ ಬರುವುದು ಥರ್ಮಾಮೀಟರ್ ಅಲ್ಲ, ಗಾಳಿ. ಹವಾಮಾನ ಇಲಾಖೆ ಗಾಳಿಯನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಹೇಳುತ್ತದೆ. ಆ ಅಂಕಿಯನ್ನು 3.6ರಿಂದ ಗುಣಿಸಿ. ‘20’ ಎಂದು ಬರೆದಿದ್ದರೆ ಗಂಟೆಗೆ 72 ಕಿಲೋಮೀಟರ್. ಕ್ಯಾಂಪರ್ ವಾಹನ ಹಿಡಿದವರಿಗೆ 15 ದಾಟಿತೆಂದರೆ ಅಪಾಯ ಶುರು. 1995ರ ಜನವರಿಯಲ್ಲಿ ಪೂರ್ವದ ಬೆಟ್ಟವೊಂದರ ಮೇಲೆ ದಾಖಲಾದ ಬೀಸು ಸೆಕೆಂಡಿಗೆ 74 ಮೀಟರ್, ಗಂಟೆಗೆ 267 ಕಿಲೋಮೀಟರ್. ಗಾಳಿಗೆ ಎದುರಾಗಿ ಕಾರು ನಿಲ್ಲಿಸಿ, ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆರೆಯಿರಿ. ಕಿತ್ತುಹೋದ ಬಾಗಿಲಿಗೂ, ಮರಳು ಮತ್ತು ಬೂದಿ ಉಜ್ಜಿ ಹೋದ ಬಣ್ಣಕ್ಕೂ ಪ್ರತ್ಯೇಕ ವಿಮೆಯೇ ಇದೆ ಎಂಬುದರಿಂದ ಆ ಗಾಳಿಯ ಅಂದಾಜು ಸಿಗಬೇಕು. ಕೊಡೆ ಮನೆಯಲ್ಲೇ ಬಿಡಿ. ಸೊಳ್ಳೆ ಪರದೆಯನ್ನೂ ಬಿಡಿ: ಆ ದೇಶದ ನೆಲದಲ್ಲಿ ಸೊಳ್ಳೆ ಮೊದಲ ಬಾರಿ ಸಿಕ್ಕದ್ದು 2025ರ ಅಕ್ಟೋಬರ್‌ನಲ್ಲಿ, ಸಿಕ್ಕವು ಮೂರು. ಮೂರು ಸೊಳ್ಳೆ ಜಗತ್ತಿನ ಸುದ್ದಿಯಾಯಿತು.

ಬೆಂಕಿಯ ಕಥೆಗೆ ಲಾಲ್‌ಬಾಗಿನಿಂದ ಹೊರಡಬೇಕು. ಅಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಐಸ್‌ಲ್ಯಾಂಡಿನಲ್ಲಿ ಎಲ್ಲಿ ಹುಡುಕಿದರೂ ಸಿಗುವ ಅತಿ ಹಳೆಯ ಕಲ್ಲಿಗೆ 1.6 ಕೋಟಿ ವರ್ಷ. ಬೆಳಗಿನ ವಾಕಿಂಗ್‌ನವರು ಕೂತು ಸುಧಾರಿಸಿಕೊಳ್ಳುವ ಬಂಡೆ ಆ ದೇಶಕ್ಕಿಂತ ನೂರಾಎಂಬತ್ತು ಪಟ್ಟು ಹಿರಿದು. ವಿಜಯಪುರ, ಕಲಬುರಗಿ ಕಡೆಯವರಿಗೆ ಮಾತ್ರ ಅಲ್ಲಿನ ಕಪ್ಪು ಕಲ್ಲು ಅಪರಿಚಿತವಲ್ಲ. ಗೋಲಗುಮ್ಮಟದ ಬಸಾಲ್ಟೇ ಅದು, ನಮ್ಮದು ಆರೂವರೆ ಕೋಟಿ ವರ್ಷ ಹಿಂದೆ ಆರಿತು, ಅಲ್ಲಿಯದು ಇನ್ನೂ ಉಕ್ಕುತ್ತಿದೆ. ಉತ್ತರ ಅಮೆರಿಕ ಮತ್ತು ಯುರೇಷ್ಯದ ಭೂಫಲಕಗಳು ವರ್ಷಕ್ಕೆ ಎರಡು ಸೆಂಟಿಮೀಟರಿನಂತೆ ದೂರ ಸರಿಯುವ ಬಿರುಕಿನ ಮೇಲೆಯೇ ದೇಶ ಕೂತಿದೆ. ಥಿಂಗ್‌ವೆಟ್ಲಿರ್‌ನಲ್ಲಿ ಆ ಬಿರುಕಿನೊಳಗೆ ನಡೆದಾಡಬಹುದು; ಕ್ರಿ.ಶ. 930ರಲ್ಲಿ ಅವರ ಸಂಸತ್ತು ಮೊದಲು ಸೇರಿದ್ದೂ ಅಲ್ಲೇ. ಸಕ್ರಿಯ ಜ್ವಾಲಾಮುಖಿ ವ್ಯೂಹಗಳು ಸುಮಾರು ಮೂವತ್ತು. 1963ರ ನವೆಂಬರ್‌ನಲ್ಲಿ ದಕ್ಷಿಣದ ಸಮುದ್ರದಿಂದ ಸುರ್ತ್ಸೇ ಎಂಬ ಹೊಸ ದ್ವೀಪವೇ ಎದ್ದು ಬಂತು. ಪ್ರವಾಸಿಗರಿಗೆ ಅಲ್ಲಿ ಪ್ರವೇಶವಿಲ್ಲ, ಖಾಲಿ ನೆಲದಲ್ಲಿ ಜೀವ ಹೇಗೆ ಹತ್ತುತ್ತದೆಂದು ವಿಜ್ಞಾನಿಗಳು ನೋಡುತ್ತಿದ್ದಾರೆ.

1783ರಲ್ಲಿ ಲಾಕಿ ಎಂಬಲ್ಲಿ 27 ಕಿಲೋಮೀಟರ್ ಉದ್ದಕ್ಕೆ ನೆಲ ಸೀಳಿ ಎಂಟು ತಿಂಗಳು ಲಾವಾ ಹರಿಯಿತು. ಮುಚ್ಚಿದ್ದು ಸುಮಾರು 600 ಚದರ ಕಿಲೋಮೀಟರ್. ವಿಷಾನಿಲದಿಂದ ಹುಲ್ಲು ಕೆಟ್ಟು ಕುರಿಗಳಲ್ಲಿ ನೂರಕ್ಕೆ ಎಂಬತ್ತು ಸತ್ತವು, ಆಮೇಲೆ ಬಂದ ಬರಗಾಲದಲ್ಲಿ ಐವರು ಮನುಷ್ಯರಲ್ಲಿ ಒಬ್ಬರು. ಆಗ ಇದ್ದದ್ದೇ ಐವತ್ತು ಸಾವಿರ ಜನ. 1973ರ ಜನವರಿ 23ರ ನಡುರಾತ್ರಿ ಹೇಮಾಯ್ ದ್ವೀಪದ ಊರಂಚಿನಲ್ಲೇ ನೆಲ ಬಿರಿದಾಗ, ಹಿಂದಿನ ದಿನದ ಬಿರುಗಾಳಿಗೆ ಹೆದರಿ ಮೀನುದೋಣಿಗಳೆಲ್ಲ ಬಂದರಿನಲ್ಲೇ ನಿಂತಿದ್ದವು. 5,300 ಜನರನ್ನು ಬೆಳಗಾಗುವಷ್ಟರಲ್ಲಿ ಸಾಗಿಸಿದರು. ಆಮೇಲೆ ಬಂದರು ಮುಚ್ಚಲು ಬರುತ್ತಿದ್ದ ಲಾವಾದ ಮೇಲೆ ತಿಂಗಳುಗಟ್ಟಲೆ ಸಮುದ್ರದ ನೀರು ಹಾಯಿಸಿದರು, ಒಟ್ಟು 60 ಲಕ್ಷ ಟನ್ನಿಗೂ ಹೆಚ್ಚು. ಲಾವಾ ಗಟ್ಟಿಯಾಗಿ ನಿಂತಿತು, ಬಂದರು ಉಳಿಯಿತು. ಮನುಷ್ಯ ಬೆಂಕಿಯ ಹೊಳೆಯನ್ನು ಎದುರಿಸಿ ಗೆದ್ದ ಉದಾಹರಣೆಗಳು ತೀರ ಕಡಿಮೆ, ಇದು ಅವುಗಳಲ್ಲೊಂದು.

ಈಗಿನವರಿಗೆ ಮುಖ್ಯವಾದದ್ದು ವಿಮಾನ ನಿಲ್ದಾಣವಿರುವ ರೇಕ್ಯಾನೆಸ್ ಪರ್ಯಾಯ ದ್ವೀಪ. ಸುಮಾರು ಎಂಟು ಶತಮಾನ ಸುಮ್ಮನಿದ್ದದ್ದು 2021ರ ಮಾರ್ಚ್‌ನಲ್ಲಿ ಎಚ್ಚೆತ್ತಿತು. 2023ರ ನವೆಂಬರ್ 10ರ ರಾತ್ರಿ ಗ್ರಿಂಡವಿಕ್ ಊರಿನ 3,800ರಷ್ಟು ಜನರನ್ನು ಎಬ್ಬಿಸಿ ಕಳಿಸಿದರು. ಆ ಡಿಸೆಂಬರ್‌ನಿಂದ 2025ರ ಜುಲೈವರೆಗೆ ಅಲ್ಲಿ ಒಂಬತ್ತು ಬಾರಿ ಲಾವಾ ಉಕ್ಕಿತು. ಪಕ್ಕದ ಬ್ಲೂ ಲಗೂನ್ ಎಂಬ ಹೆಸರಾಂತ ಸ್ನಾನಕೊಳದ ಪಾರ್ಕಿಂಗ್ ಜಾಗವನ್ನೂ 2024ರ ನವೆಂಬರ್‌ನಲ್ಲಿ ನುಂಗಿತು. ಇಷ್ಟಾದರೂ ವಿಮಾನಗಳ ಹಾರಾಟ ನಿಲ್ಲಲಿಲ್ಲ. ಇವು ಬೂದಿ ಎರಚುವ ಜಾತಿಯವಲ್ಲ. ಹಾಗಾಗಿ ‘ಐಸ್‌ಲ್ಯಾಂಡಿನಲ್ಲಿ ಜ್ವಾಲಾಮುಖಿ’ ಎಂಬ ಸುದ್ದಿ ಕಂಡ ತಕ್ಷಣ ಟಿಕೆಟ್ ರದ್ದು ಮಾಡಬೇಕಿಲ್ಲ. ಎಲ್ಲಿ, ಯಾವ ಬಗೆಯದು ಎಂದು ನೋಡಿ.

ಅದೇ ಬೆಂಕಿ ಮನೆ ಬೆಚ್ಚಗಿಡುತ್ತದೆ. ಹತ್ತರಲ್ಲಿ ಒಂಬತ್ತು ಮನೆಗಳಿಗೆ ಭೂಗರ್ಭದ ಬಿಸಿನೀರೇ ಶಾಖ. ನೆಸ್ಯಾವೆಟ್ಲಿರ್ ಸ್ಥಾವರದಿಂದ ರಾಜಧಾನಿಯತ್ತ 27 ಕಿಲೋಮೀಟರ್ ಕೊಳವೆಯಲ್ಲಿ ಬರುವ ನೀರು ದಾರಿಯಲ್ಲಿ ಕಳೆದುಕೊಳ್ಳುವುದು ಎರಡೇ ಡಿಗ್ರಿ. ಬಿಸಿನೀರ ನಲ್ಲಿಗೆ ಕೊಳೆತ ಮೊಟ್ಟೆಯ ವಾಸನೆ. ಅದು ಗಂಧಕ, ಹೋಟೆಲಿನವರ ಮೇಲೆ ರೇಗಬೇಡಿ. ವಿದ್ಯುತ್ತೆಲ್ಲ ನೀರು ಮತ್ತು ಹಬೆಯಿಂದ. ತಲೆಗೆ ವರ್ಷಕ್ಕೆ ಐವತ್ತು ಸಾವಿರ ಯೂನಿಟ್‌ಗೂ ಹೆಚ್ಚು, ಭಾರತದಲ್ಲಿ ಸುಮಾರು 1,400. ಹಾಗೆಂದು ಅವರೇನು ಹಗಲೂ ಗೀಜರ್ ಹಾಕಿ ಕೂತಿಲ್ಲ. ದೊಡ್ಡ ಪಾಲು ಮೂರು ಅಲ್ಯೂಮಿನಿಯಂ ಕಾರ್ಖಾನೆಗಳ ಹೊಟ್ಟೆಗೆ. ನನ್ನನ್ನು ಕೇಳಿದರೆ, ಹತ್ತು ಸಾವಿರ ಕ್ರೋನಾ ದಾಟುವ ಬ್ಲೂ ಲಗೂನ್‌ಗಿಂತ ಊರೂರಿನ ಸಾರ್ವಜನಿಕ ಈಜುಕೊಳಗಳೇ ಮೇಲು. ಒಂದೂವರೆ ಸಾವಿರದ ಆಸುಪಾಸಿನಲ್ಲಿ ಬಿಸಿನೀರಲ್ಲಿ ಕೂತು ಊರ ಜನರ ಹರಟೆ ಕೇಳಬಹುದು. ಆದರೆ ಕೊಳಕ್ಕಿಳಿಯುವ ಮುನ್ನ ಪೂರ್ತಿ ಬಟ್ಟೆ ಕಳಚಿ ಸೋಪು ಹಚ್ಚಿ ಸ್ನಾನ ಮಾಡಲೇಬೇಕು, ಅಡ್ಡಗೋಡೆ ಇರುತ್ತದೆಂಬ ಭರವಸೆಯಿಲ್ಲ. ನಾಚಿಕೆಯನ್ನು ಕೆಂಪೇಗೌಡ ನಿಲ್ದಾಣದಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. ಬುಗ್ಗೆಗಳ ಬಳಿ ಹಗ್ಗ ದಾಟಬೇಡಿ. ಐದರಿಂದ ಹತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಮೀಟರ್ ಚಿಮ್ಮುವ ಸ್ಟ್ರೊಕ್ಕುರ್‌ನ ಸುತ್ತ ನೀರು ಕುದಿಯುವ ಹತ್ತಿರ ಇರುತ್ತದೆ.

ಎಲ್ಲಕ್ಕಿಂತ ಕೆಟ್ಟ ಮೋಸ ಮಾಡುವುದು ಸಮುದ್ರ. ವೀಕ್ ಊರ ಪಕ್ಕದ ರೇನಿಸ್‌ಫ್ಯಾರಾ ಕಪ್ಪು ಮರಳಿನ ತೀರದಿಂದ ನೇರ ದಕ್ಷಿಣಕ್ಕೆ ಗೆರೆ ಎಳೆದರೆ ಅಂಟಾರ್ಕ್‌ಟಿಕಾವರೆಗೆ, ಸುಮಾರು 15 ಸಾವಿರ ಕಿಲೋಮೀಟರ್, ಅಡ್ಡ ಬರುವ ನೆಲವೇ ಇಲ್ಲ. ತೆರೆದ ಅಟ್ಲಾಂಟಿಕ್‌ನಲ್ಲಿ ಬಲಿತ ಅಲೆಗಳು ಏಳೆಂಟು ಸಲ ಸಾಧುವಾಗಿ ಬಂದು, ಒಂಬತ್ತನೆಯ ಸಲ ಹತ್ತಾರು ಮೀಟರ್ ಒಳಕ್ಕೆ ನುಗ್ಗಿ ನಿಂತವರ ಕಾಲು ಎಳೆಯುತ್ತವೆ. ಹಲವರು ಅಲ್ಲಿ ಪ್ರಾಣ ಬಿಟ್ಟಿದ್ದಾರೆ, ಬಹುಪಾಲು ಫೋಟೋಕ್ಕಾಗಿ. ಅಲ್ಲಿ ಎಚ್ಚರಿಕೆಯ ದೀಪಗಳಿವೆ, ಕೆಂಪಿದ್ದರೆ ಕೆಳಗಿಳಿಯಬೇಡಿ. ‘ಗೆರುವಾ’ ಹಾಡಿನ ಮುರಿದ ವಿಮಾನ 1973ರ ನವೆಂಬರ್‌ನಲ್ಲಿ ಸೋಲ್‌ಹೇಮಾಸಾಂಡುರ್ ಮರಳಿನಲ್ಲಿ ಇಳಿದ ಅಮೆರಿಕ ನೌಕಾಪಡೆಯದು, ಅದರೊಳಗಿದ್ದವರೆಲ್ಲ ಬದುಕಿದರು. ಅದನ್ನು ನೋಡಲು ನಡೆದುಹೋದ ಇಬ್ಬರು ಪ್ರವಾಸಿಗರು 2020ರ ಜನವರಿಯ ಬಿರುಗಾಳಿಯಲ್ಲಿ ಬದುಕಲಿಲ್ಲ. ನಡಿಗೆ ಹೋಗಲು ನಾಲ್ಕು, ಬರಲು ನಾಲ್ಕು ಕಿಲೋಮೀಟರ್, ಮರೆಗೆ ಒಂದು ಮರವಿಲ್ಲ.

ದಾರಿ ತಪ್ಪಿದವರನ್ನು ಹುಡುಕಲು ಬರುವವರು ಯಾರು? ಸೈನ್ಯವಿಲ್ಲ, ಕರಾವಳಿ ಪಡೆಯ ಹೆಲಿಕಾಪ್ಟರ್‌ಗಳು ಮೂರು. ಬರುವವರು ಲ್ಯಾಂಡ್ಸ್‌ಬ್ಯೋರ್ಗ್ ಎಂಬ ಸಂಘಟನೆಯ ಸಾವಿರಾರು ಸ್ವಯಂಸೇವಕರು: ಬಡಗಿ, ಮೇಷ್ಟ್ರು, ನರ್ಸು, ಮೀನುಗಾರ. ಸಂಬಳವಿಲ್ಲ. ಹಗ್ಗ, ಜೀಪು, ದೋಣಿಗಳ ಖರ್ಚಿಗೆ ಬಹುಪಾಲು ದುಡ್ಡು ಹೊಸ ವರ್ಷದ ರಾತ್ರಿಗೆ ಪಟಾಕಿ ಮಾರಿ ಕೂಡಿಸುತ್ತಾರೆ. ಹೋಗುವ ಮುನ್ನ ಸೇಫ್‌ಟ್ರಾವೆಲ್ ಎಂಬ ಅವರ ಜಾಲತಾಣದಲ್ಲಿ ನಿಮ್ಮ ಪ್ರಯಾಣದ ವಿವರ ಬರೆದಿಟ್ಟು ಹೋಗಿ. ಪ್ರತಿ ಬೆಳಗ್ಗೆ ಕಾರು ಚಾಲೂ ಮಾಡುವ ಮುನ್ನ ಅಲ್ಲಿ ರಸ್ತೆಯ ಸ್ಥಿತಿ ಮತ್ತು ಗಾಳಿಯ ಅಂಕಿ ನೋಡಿ. ತುರ್ತು ಸಂಖ್ಯೆ 112. ನಕ್ಷೆಯಲ್ಲಿ ರಸ್ತೆ ಕೆಂಪು ಬಣ್ಣಕ್ಕೆ ತಿರುಗಿದ್ದರೆ ಆ ದಿನದ ಹೋಟೆಲ್ ಬುಕಿಂಗ್ ಹೋದರೆ ಹೋಗಲಿ, ಇದ್ದಲ್ಲೇ ಇರಿ.